ಮುಖ ತಿರುಗಿಸಿದ ಕೌಂಟೆಸ್

ಜನವರಿ ೭, ೧೮೨೪

ಸತ್ತ ಶ್ರೀಮಂತರ ಮುಖಕ್ಕೆ ಮಸಿ ಬಳಿದು ಬದುಕುವ ಕಸುಬು ನಮ್ಮದು. ಬಳಿದಷ್ಟೂ ಅವರ ಮೊಮ್ಮಕ್ಕಳಿಗೆ ಖುಷಿ. ಮೊದಲೇ ಚಂದಾ ಕಟ್ಟಿ, ಚರ್ಮದ ರಟ್ಟು ಹಾಕಿಸಿ, ಕಪಾಟಿನಲ್ಲಿಟ್ಟು ಪೂಜಿಸುತ್ತಾರೆ. ಮಸಿ ಬಳಿಸಿಕೊಂಡು ಮಾನ ಹೆಚ್ಚಿಸಿಕೊಳ್ಳುವ ಜಾತಿ ಇಂಗ್ಲೆಂಡಿನಲ್ಲಿ ಇದೊಂದೇ ಇರಬೇಕು.

ಈ ಪೂಜೆಯಲ್ಲಿ ನನ್ನ ಪಾಲು ಮಾತ್ರ ಇಷ್ಟು ವರ್ಷ ಕತ್ತಿನಿಂದ ಕೆಳಗೇ ಉಳಿದಿತ್ತು. ಫೆನ್ ಯಜಮಾನರ ಕಾರ್ಖಾನೆಯಲ್ಲಿ ಹಳೆಯ ವರ್ಣಚಿತ್ರವೊಂದನ್ನು ತಾಮ್ರದ ತಗಡಿಗೆ ಇಳಿಸುವಾಗ ಮುಖ ಅವರದು, ಲೇಸು ನನ್ನದು. ಎಷ್ಟು ಡ್ಯೂಕುಗಳ ಕೊರಳಪಟ್ಟಿಗೆ ಲೇಸು ಹೆಣೆದೆನೋ, ನನಗೊಂದು ಲೇಸಾಗಲಿಲ್ಲ. ಅಚ್ಚಾದ ಚಿತ್ರದ ಎಡಮೂಲೆಯಲ್ಲಿ ಬಣ್ಣ ಬಳಿದವನ ಹೆಸರು, ಬಲಮೂಲೆಯಲ್ಲಿ ಕೆತ್ತಿದವನ ಹೆಸರು. ಬಲಮೂಲೆ ಯಾವಾಗಲೂ ಫೆನ್. ಗಿಲ್ಬರ್ಟ್ ಪಿಮ್ ಎಂಬ ಕೇಂಬ್ರಿಜ್ ಪಂಡಿತ, ಪದವಿಯಿಲ್ಲದೆ ಹಿಂದಿರುಗಿದ್ದರೂ ಎರಡು ವರ್ಷ ಪಂಡಿತನೇ, ಯಾವ ಮೂಲೆಯಲ್ಲೂ ಇಲ್ಲ. ನಾನೇ ಮೂಲೆಗುಂಪು.

ನಿನ್ನೆ ದೇವರು ಕಣ್ಣು ಬಿಟ್ಟ. ಕ್ರಿಸ್‌ಮಸ್ ಹಬ್ಬದ ಕೊನೆಯ ಕೇಕನ್ನು ತಂಗಿಯ ಮನೆಗೆ ಒಯ್ಯುತ್ತಿದ್ದ ಯಜಮಾನರು ಮಂಜುಗಡ್ಡೆಯ ಮೇಲೆ ಜಾರಿದರು. ಕೇಕು ಉಳಿಯಿತು, ಮಣಿಕಟ್ಟು ಮುರಿಯಿತು. ಇದಕ್ಕೆ ಸಂತೋಷಪಡುವುದು ಪಾಪ. ಪಟ್ಟೆ.

"ಕೇಕ್ ಬಿಟ್ಟಿದ್ರೆ ಕೈ ಉಳೀತಿತ್ತು. ಕೇಕ್ ತಬ್ಬಿಕೊಂಡು ಬಿದ್ರಲ್ಲ, ಏನ್ ಬುದ್ಧಿ ನಿಮ್ದು!" ಎಂದರು ಮಿಸೆಸ್ ಫೆನ್.

"ನೀನು ಮಾಡಿದ ಕೇಕು ಕಣೇ. ಬೀಳಿಸಿದ್ರೆ ಕತ್ತು ಮುರೀತಿದ್ದೆ. ಕೈಯೇ ವಾಸಿ."

ಈಸ್ಟರ್ ತನಕ ಉಳಿ ಹಿಡಿಯಕೂಡದು ಎಂದಿದ್ದಾನೆ ವೈದ್ಯ. ಮಾರ್ಚ್ ಇಪ್ಪತ್ತೈದಕ್ಕೆ, ಲೇಡಿ ಡೇ ಹಬ್ಬಕ್ಕೆ, ಹಳೆಯ ಮನೆತನಗಳ ಚಿತ್ರಸಂಪುಟದ ಮುಂದಿನ ಕಂತು ಚಂದಾದಾರರ ಕೈ ಸೇರಬೇಕು. ಇನ್ನೂರು ವರ್ಷ ಹಿಂದಿನ ಥಾರ್ನ್‌ಮಿಯರಿನ ಅರ್ಲ್, ಆತನ ಹೆಂಡತಿ ಕೌಂಟೆಸ್ ಆನರಿಯಾ, ಎದುರುಬದುರು ಪುಟಗಳಲ್ಲಿ ಒಬ್ಬರನ್ನೊಬ್ಬರು ನೋಡುತ್ತ. ಅರ್ಲ್‌ನ ತಗಡನ್ನು ಯಜಮಾನರು ಡಿಸೆಂಬರಿನಲ್ಲೇ ಮುಗಿಸಿ ಮುದ್ರಕನಿಗೆ ಕಳಿಸಿದ್ದಾರೆ. ಉಳಿದದ್ದು ಹೆಂಡತಿ.

ಹಾಸಿಗೆಯಿಂದಲೇ ಯಜಮಾನರು ಅಂದರು: "ಮುಖ ನೀನೇ ಮಾಡು ಪಿಮ್. ಆ ಮನೆತನದವರು ಒಂದು ಗೆರೆನೂ ಬದಲಾಯಿಸದೆ ಒಪ್ಪಿದ್ರೆ ಬಲಮೂಲೆ ನಿಂದು. ಒಪ್ಲಿಲ್ಲ, ಸಾಯೋವರ್ಗೂ ಲೇಸು."

ಬಲಮೂಲೆ! ಇಡೀ ಮಧ್ಯಾಹ್ನ ಹಾಳು ತಗಡಿನ ಮೇಲೆ ನನ್ನ ಹೆಸರನ್ನೇ ತಿರುಗಾಮುರುಗಾ ಕೆತ್ತಿ ಅಭ್ಯಾಸ ಮಾಡಿದೆ. 'ಪಿ' ಅಕ್ಷರದ ಹೊಟ್ಟೆ ಇನ್ನೂ ಸ್ವಲ್ಪ ತುಂಬಬೇಕು.

ಜನವರಿ ೧೫

ಲುಂಬ್ ಬಂದ. ಶ್ರೀಮಂತರ ಮನೆಮನೆ ಅಲೆದು, ಗೋಡೆಯ ಮೇಲಿನ ಆಳೆತ್ತರದ ಚಿತ್ರಗಳನ್ನು ಅಂಗೈಯಗಲ ಕಾಗದಕ್ಕಿಳಿಸಿ ತರುವುದು ಅವನ ಕೆಲಸ. ಥಾರ್ನ್‌ಮಿಯರಿನಿಂದ ಮೂಗು ಸೋರುತ್ತ, ಕೌಂಟೆಸ್‌ಳನ್ನು ಎದೆಗವಚಿಕೊಂಡು ಬಂದ.

"ಯಜಮಾನ್ರ ಕೈ ಸುದ್ದಿ ಅಲ್ಲಿಗೇ ಬಂತು ಗುರುವೇ. ಪಾಪ ಅನ್ನಿಸ್ತು. ಅದಕ್ಕೇ ಈ ಸಲ ನಾನೇ ಕನ್ನಡಿ..."

"ನೀನು ಕನ್ನಡಿ ಆಗ್ಬೇಡಪ್ಪ! ನಿನ್ನ ಮೋರೆ ನೋಡ್ಕೊಂಡು ಕೌಂಟೆಸ್ಸನ್ನ ಕೆತ್ತಿದ್ರೆ, ಅರ್ಲ್ ಪುಟ ಹರ್ಕೊಂಡು ಓಡೋಗ್ತಾನೆ!"

ಮಿಸೆಸ್ ಫೆನ್ ಬಿದ್ದು ಬಿದ್ದು ನಕ್ಕರು. ಲುಂಬ್ ಕುಡಿಯುತ್ತಿದ್ದ ಬಿಸಿ ವೈನು ಮೂಗಿನಿಂದ ಹೊರಬಂತು. ಎಷ್ಟು ನಕ್ಕನೆಂದರೆ ಹೇಳಬೇಕಾದ್ದನ್ನು ಮರೆತೇಬಿಟ್ಟ. ನನ್ನ ಚಟಾಕಿಗಳಲ್ಲಿ ಇದು ಮೇಲ್ದರ್ಜೆಯದು. ಇಲ್ಲಿ ಬರೆದಿಟ್ಟಿದ್ದೇನೆ.

ಇನ್ನು ಆನರಿಯಾ. ದೇವರೇ, ಈ ಮುಖ! ಮೂಗು ಆಕೆಗಿಂತ ಮೊದಲು ಕೋಣೆಗೆ ಬರುವಂಥದ್ದು. ಒಂದು ಕಣ್ಣಿನ ರೆಪ್ಪೆ ಅರ್ಧ ಇಳಿದು, ಇನ್ನೇನು ನಿದ್ದೆ ಎನ್ನುವಂತಿದೆ. ಅದೇ ಕಡೆಯ ತುಟಿಯ ತುದಿ ಒಳಕ್ಕೆ ಎಳೆದಿದೆ. ನನ್ನ ಮೊದಲ ಮುಖ, ನನ್ನ ಹೆಸರು ಹೊರಬೇಕಾದ ಮುಖ, ಹೀಗೆ ಅರೆನಿದ್ದೆಯಲ್ಲಿರುವುದೇ? ಎಬ್ಬಿಸುತ್ತೇನೆ. ರೆಪ್ಪೆ ಎತ್ತಿ, ತುಟಿ ಸಮ ಮಾಡಿ, ಮೂಗಿಗೆ ಸ್ವಲ್ಪ ಸಂಯಮ ಕಲಿಸುತ್ತೇನೆ. ಸತ್ತ ಹೆಂಗಸಿಗೆ ಚೆಲುವು ಕೊಟ್ಟರೆ ದೂರು ಕೊಡುವವರು ಯಾರು?

ಚಿತ್ರವನ್ನು ನಿಲ್ಲಿಸಿ, ಎದುರಿಗೆ ಕನ್ನಡಿಯನ್ನು ಒರೆಸಿಟ್ಟೆ. ತಗಡಿನಲ್ಲಿದ್ದದ್ದು ಕಾಗದದ ಮೇಲೆ ಎಡಬಲ ಮಗುಚಿ ಬೀಳುತ್ತದಲ್ಲ. ಅದಕ್ಕೆ ನಾವು ಚಿತ್ರವನ್ನು ನೋಡದೆ, ಕನ್ನಡಿಯಲ್ಲಿ ಮಗುಚಿದ ಚಿತ್ರವನ್ನು ನೋಡಿ ಕೆತ್ತುತ್ತೇವೆ. ಮಗುಚಿದ್ದು ಮತ್ತೆ ಮಗುಚಿ ನೆಟ್ಟಗಾಗುತ್ತದೆ. ಈ ಕಸುಬಿನಲ್ಲಿ ಪಳಗಿದವನಿಗೆ ಎಡವೂ ಒಂದೇ ಬಲವೂ ಒಂದೇ. ಊಟಕ್ಕೆ ಕುಳಿತರೆ ಪಕ್ಕದವನ ಬೀರು ಕುಡಿದುಬಿಡುತ್ತೇವೆ.

ಫೆಬ್ರವರಿ ೩

ಹಣೆ ಮುಗಿಯಿತು. ಹಣೆಬರಹ ಚೆನ್ನಾಗಿದೆ ಎಂದುಕೊಂಡೆ.

ಯಜಮಾನರು ಮಹಡಿಯಿಂದ ಉಪದೇಶ ಕಳಿಸುತ್ತಾರೆ. ಮಿಸೆಸ್ ಫೆನ್ ಮೆಟ್ಟಿಲಿಳಿದು ತಲುಪಿಸುತ್ತಾರೆ: "ಹೆಂಗಸರ ಮುಖ ಅಂದ್ರೆ ಮೊಟ್ಟೆ ಅಂತೆ. ನುಣ್ಣಗೆ ಕೆತ್ತಬೇಕಂತೆ. ಎಲ್ಲಾ ಗೆರೆನೂ ಒಂದೇ ಕಡೆ ಬಾಗ್ಬೇಕಂತೆ. ನನ್ನ ಮುಖ ಮೊಟ್ಟೆನಾ ಅಂತ ಕೇಳ್ದೆ. ಔಷಧಿ ನಿದ್ದೆ ಬಂದೋಯ್ತು ಅವರಿಗೆ, ತಕ್ಷಣ."

ಮೊಟ್ಟೆ ಮಾಡುತ್ತಿದ್ದೇನೆ. ಬಹಳ ನುಣುಪಾದ ಮೊಟ್ಟೆ.

ಫೆಬ್ರವರಿ ೧೨

ರೆಪ್ಪೆ ಎತ್ತಿದೆ. ಸುಂದರವಾಗಿದೆ. ಯಾರದೋ ಸುಂದರಿ. ಆನರಿಯಾ ಅಲ್ಲ.

ಅಳಿಸಿದೆ. ತಾಮ್ರದ ಮೇಲೆ ಅಳಿಸುವುದೆಂದರೆ ಕೆರೆದು, ಉಜ್ಜಿ, ತಗಡಿನ ಬೆನ್ನಿಗೆ ಸುತ್ತಿಗೆಯಿಂದ ತಟ್ಟಿ ಮೇಲೆತ್ತಬೇಕು. ಮೂರು ದಿನದ ಕೆಲಸ ಒಂದು ಬೆಳಿಗ್ಗೆ ಹೋಯಿತು. ಇದೇನು ಮಾಡಿದೆ ನಾನು?

ಫೆಬ್ರವರಿ ೨೦

ಆ ಕಣ್ಣು ನಿದ್ದೆಯಲ್ಲಿಲ್ಲ! ಅದನ್ನು ಕಂಡುಕೊಂಡ ಖುಷಿಗೆ ಮಧ್ಯಾಹ್ನದ ಕುರಿಮಾಂಸದ ಪೈ ಆರಿಹೋಯಿತು, ಆರಿದ್ದನ್ನು ಬೆಕ್ಕು ತಿಂದಿತು, ಬೆಕ್ಕಿಗೂ ಬೈಯಲಿಲ್ಲ.

ರೆಪ್ಪೆಯ ಕೆಳಗೆ ಕಣ್ಣಿನ ಗೊಂಬೆ ಎಚ್ಚರವಾಗಿದೆ. ಎಲ್ಲರಿಗಿಂತ ಹೆಚ್ಚು ಎಚ್ಚರ. ರೆಪ್ಪೆ ಪರದೆ ಅಷ್ಟೇ. ಹಾಗಾಗಿ ಗೆರೆಗಳು ಅಲ್ಲಿ ಮೊಟ್ಟೆಯ ಹಾಗೆ ಬಾಗಕೂಡದು. ಪರದೆಯ ಮಡಿಕೆಯ ಹಾಗೆ ಇಳಿಯಬೇಕು, ತುದಿಯಲ್ಲಿ ಕೂದಲೆಳೆಯಷ್ಟು ಬಿಡುವಿರಬೇಕು. ಲೇಸು ಹೆಣೆದ ಕೈಗೆ ಬಿಡುವು ಎಂದರೇನೆಂದು ಗೊತ್ತು. ಲೇಸೆಂದರೆ ಮುಕ್ಕಾಲು ಪಾಲು ಬಿಡುವೇ ತಾನೆ.

ಮುಖದ ಮಟ್ಟಿಗೆ ಒಂದು ಪರೀಕ್ಷೆಯ ಅಚ್ಚು ತೆಗೆದೆವು. ನಮ್ಮ ಪುಟ್ಟ ಒತ್ತುಯಂತ್ರದ ಚಕ್ರ ಎಳೆಯುವವರು ಮಿಸೆಸ್ ಫೆನ್. ಅವರ ತೋಳಿಗೆ ಎಂಥ ತಗಡೂ ಬಾಯಿಬಿಡುತ್ತದೆ. ಒದ್ದೆ ಕಾಗದವನ್ನು ಎತ್ತಿ ನೋಡಿ, ತೋಳುದ್ದ ದೂರ ಹಿಡಿದರು.

"ಯಾಕಮ್ಮಾ?"

"ಈ ಹೆಂಗಸು ನನ್ನ ಮಾತು ನಂಬ್ತಿಲ್ಲ."

"ನೀವು ಏನೂ ಹೇಳೇ ಇಲ್ವಲ್ಲ."

"ಹೇಳೋಕ್ ಮುಂಚೆನೇ ನಂಬ್ತಿಲ್ಲ ಕಣೋ ಕೇಂಬ್ರಿಜ್ಜು! ಇಂಥವರ ಹತ್ರ ಸುಳ್ಳು ಹೇಳೋಕಾಗಲ್ಲ."

ಯಜಮಾನರು ಔಷಧಿಯ ಮಂಪರಿನಲ್ಲಿ ಅಚ್ಚನ್ನು ಮೂಗಿಗೆ ಹಿಡಿದು ನೋಡಿ, "ರೆಪ್ಪೆ ಬಿದ್ದಿದೆಯಲ್ಲೋ, ಎತ್ತು," ಎಂದರು. ಎತ್ತುವುದಿಲ್ಲ.

ಮಾರ್ಚ್ ೨

ಇಂದು ಪ್ಯಾನ್‌ಕೇಕ್ ಮಂಗಳವಾರ, ನಾಳೆಯಿಂದ ಉಪವಾಸದ ದಿನಗಳು. ಇಡೀ ಬೀದಿ ಬೆಣ್ಣೆಯ ವಾಸನೆ. ನಾನು ಕೊರಳಪಟ್ಟಿ ಮುಗಿಸಿದೆ. ಬಾಕಿ ಎಂದರೆ ಹಿನ್ನೆಲೆಯ ಕತ್ತಲು ಮಾತ್ರ. ಮಿಸೆಸ್ ಫೆನ್ ನನ್ನ ಕೈಗೆ ಬೆಣ್ಣೆ ಹತ್ತಬಾರದೆಂದು ಪ್ಯಾನ್‌ಕೇಕನ್ನು ನೇರ ಬಾಯಿಗೇ ತುರುಕಿದರು. ಮಹಾರಾಜನ ಬಾಳು.

ಆಗಾಗ ತಲೆಯೆತ್ತಿ ಕನ್ನಡಿಯಲ್ಲಿ ಆನರಿಯಾಳನ್ನು ನೋಡುತ್ತೇನೆ. ಇಂಥ ಕಡೆ ಏನಾದರೂ ತಮಾಷೆ ಬರೆಯುವುದು ನನ್ನ ಪದ್ಧತಿ. ಈಗ ತೋಚುತ್ತಿಲ್ಲ.

ಮಾರ್ಚ್ ೯

ಮುದ್ರಕನ ಮನೆಯಿಂದ ಅರ್ಲ್ ಬಂದ. ಗಡ್ಡ, ರಕ್ಷಾಕವಚ, ಗತ್ತು. ಕೌಂಟೆಸ್‌ಳ ಪೂರ್ತಿ ಅಚ್ಚು ಇನ್ನೂ ಹಸಿಯಿತ್ತು. ಮಿಸೆಸ್ ಫೆನ್ ಇಬ್ಬರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು, ಪುಸ್ತಕದಲ್ಲಿ ಬರುವ ಹಾಗೆ. ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ.

ಗಂಡ ಹೆಂಡತಿಯನ್ನು ನೋಡುತ್ತಿದ್ದ. ಹೆಂಡತಿ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತಿದ್ದಳು.

"ಜಗಳ ಆಡಿದಾರೆ," ಎಂದರು ಮಿಸೆಸ್ ಫೆನ್.

ಲುಂಬ್‌ನನ್ನು ಕಾಫಿ ಅಂಗಡಿಯಿಂದ ಎಳೆದು ತಂದೆ.

"ನಾನು ಅವತ್ತೇ ಹೇಳಿದ್ನಲ್ಲ! ಈ ಸಲ ಕನ್ನಡಿ ಕೆಲಸ ನಾನೇ ಮಾಡಿದೀನಿ, ಮೊದಲೇ ಮಗುಚಿ ಬರ್ದಿದೀನಿ, ಕನ್ನಡಿ ಇಡ್ಬೇಡಿ ಅಂತ."

"ಎಲ್ಲಿ ಹೇಳ್ದೆ?"

"ಹೇಳೋಕ್ ಬಿಟ್ಟೆಯಾ? ಜೋಕ್ ಹೊಡೆದೆ, ನಾನು ನಕ್ಕೆ, ಮರ್ತೋಯ್ತು!"

ಅವನು ಮಗುಚಿದ. ಕನ್ನಡಿ ಮಗುಚಿತು. ಅಚ್ಚು ಮಗುಚಿತು. ಎರಡು ಸಲ ಮಗುಚಬೇಕಾದ ಹೆಂಗಸು ಮೂರು ಸಲ ಮಗುಚಿದಳು. ಎಡವಟ್ಟು ಎಂಬ ಮಾತಿನಲ್ಲಿ ಎಡ ಯಾಕಿದೆಯೆಂದು ಇವತ್ತು ತಿಳಿಯಿತು.

"ಅದಕ್ಕೇನು? ಪುಟ ಅದಲುಬದಲು ಮಾಡಿ. ಹೆಂಡ್ತಿ ಎಡಕ್ಕೆ, ಗಂಡ ಬಲಕ್ಕೆ," ಎಂದ ಲುಂಬ್.

ಮಾಡಿ ನೋಡಿದೆವು. ಈಗ ಗಂಡ ಬಾಗಿಲು ನೋಡುತ್ತಿದ್ದ, ಹೆಂಡತಿ ಗಂಡನ ಬೆನ್ನು ನೋಡುತ್ತಿದ್ದಳು.

"ಇದು ಪರ್ವಾಗಿಲ್ಲ. ಎಲ್ಲಾ ಮನೆಲೂ ಹೀಗೇ," ಎಂದರು ಮಿಸೆಸ್ ಫೆನ್.

ಮಾರ್ಚ್ ೧೦

ಯಜಮಾನರು ಮೊದಲ ಬಾರಿಗೆ ಮಹಡಿಯಿಂದ ಇಳಿದು ಬಂದರು. ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈ, ಮುಖದಲ್ಲಿ ಗುಡುಗು. ಆದರೆ ಗುಡುಗಲಿಲ್ಲ. ಬಹಳ ಹೊತ್ತು ಅಚ್ಚು ನೋಡಿ, ಮೆಲ್ಲಗೆ ಅಂದರು: "ಬಾಯ್ ಮುಚ್ಕೊಂಡಿರಿ ಎಲ್ರೂ. ಅರ್ಲ್‌ನ ತಗಡು ತಿದ್ದಬೇಕು ಅಂತ ಪ್ರಕಾಶಕರಿಗೆ ಹೇಳ್ತೀನಿ, ಅವನು ಬೇಸಿಗೆ ಕಂತಿಗೆ ಹೋಗ್ಲಿ. ಈಗ ಇವಳೊಬ್ಬಳೇ ಹೋಗ್ತಾಳೆ. ಪಕ್ಕದಲ್ಲಿ ಗಂಡ ಇಲ್ದಿದ್ರೆ ಮುಖ ಯಾವ ಕಡೆ ತಿರುಗಿದೆ ಅಂತ ಯಾರು ಕೇಳ್ತಾರೆ?"

ಬದುಕಿದೆ! ಬಲಮೂಲೆ ಇನ್ನೂ ನನ್ನದೇ! ಕುಣಿದಾಡಬೇಕಿತ್ತು.

ಬದಲು ಅಚ್ಚನ್ನು ಒಯ್ದು ಕನ್ನಡಿಗೆ ಹಿಡಿದೆ. ಲುಂಬ್ ಮಗುಚುವ ಮೊದಲು, ಗೋಡೆಯ ಮೇಲೆ ಆಕೆ ಹೇಗಿದ್ದಳೋ ಹಾಗೆ ಕಂಡಳು. ಬೇರೆಯೇ ಹೆಂಗಸು. ಎರಡು ತಿಂಗಳು ಕನ್ನಡಿಯಲ್ಲಿ ಇವಳನ್ನೇ ನೋಡಿದ್ದೆ, ಗೆರೆ ಎಣಿಸುವ ಭರದಲ್ಲಿ ಕಂಡಿರಲಿಲ್ಲ. ಅಚ್ಚಿನಲ್ಲಿರುವವಳು ನಿಮ್ಮನ್ನು ನಂಬುವುದಿಲ್ಲ. ಕನ್ನಡಿಯಲ್ಲಿರುವವಳು ನಗು ತಡೆದುಕೊಂಡಿದ್ದಾಳೆ. ಅವೇ ಗೆರೆ, ಅದೇ ರೆಪ್ಪೆ, ಅದೇ ತುಟಿ. ಕಡೆ ಬದಲಾಗಿದೆ, ಅಷ್ಟೇ. ಹೇಗೆ ಸಾಧ್ಯ? ಎಷ್ಟು ಸಲ ನೋಡಿದರೂ ಹಾಗೇ.

ಮಾರ್ಚ್ ೧೬

ಎಲ್ಲವನ್ನೂ ಬರೆಯಬೇಕು.

ಒಪ್ಪಿಗೆ ಕೊಡಬೇಕಾದವರು ಲೇಡಿ ಅರಬೆಲ್ಲಾ, ಈಗಿನ ಅರ್ಲ್‌ನ ಸೋದರತ್ತೆ. ಎಪ್ಪತ್ತು ದಾಟಿದ ಅವಿವಾಹಿತೆ, ಮನೆತನದ ಚಿತ್ರಗಳಿಗೆಲ್ಲ ಅವರೇ ಕಾವಲು. ಯಜಮಾನರ ಕೈ ಜೋಳಿಗೆಯಲ್ಲಿದ್ದುದರಿಂದ ನನ್ನ ಜೊತೆ ಮಿಸೆಸ್ ಫೆನ್ ಹೊರಟರು, ಮದುವೆಯ ಟೊಪ್ಪಿಗೆ ಹಾಕಿಕೊಂಡು. ದಾರಿಯುದ್ದಕ್ಕೂ ಒಂದೇ ಪಾಠ: "ನೀನು ಬರೀ ಬಗ್ಗು. ಮಾತು ನಂದು."

ಮೇಫೇರಿನ ಅವರ ಮನೆಯ ಕೋಣೆಯಲ್ಲಿ, ಹಳೆಗಾಲದ ಹಾಗೆ ಕೂದಲಿಗೆ ಪುಡಿ ಹಾಕಿದ ಮುದುಕಿಯೊಬ್ಬರು ಬೆಂಕಿಯ ಪಕ್ಕ ಕೂತಿದ್ದರು. ನಾನು ಅವರ ಮುಖ ನೋಡಿದೆ, ಬಗ್ಗುವುದನ್ನು ಮರೆತೆ. ಆ ಮೂಗು. ಆ ರೆಪ್ಪೆ. ತಿಂಗಳುಗಟ್ಟಲೆ ಉಳಿಯ ತುದಿಯಲ್ಲಿ ಹುಡುಕಿದ ಹೆಂಗಸು ಶಾಲು ಹೊದ್ದು ಕೂತಿದ್ದಳು.

"ಮುಂದೆ ಬಾ ಹುಡುಗ. ನಾನು ಕಚ್ಚಲ್ಲ, ಹಲ್ಲಿಲ್ಲ."

ನಮ್ಮನ್ನು ಮೇಜಿಗೆ ಕೂರಿಸಿ ಟೀ ತರಿಸಿದರು. ಅಚ್ಚನ್ನು ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದರು. ನೋಡುತ್ತ ನೋಡುತ್ತ ಅವರ ಕೈ ಮೆಲ್ಲಗೆ ತಮ್ಮ ಕಣ್ಣಿನ ರೆಪ್ಪೆಗೆ ಹೋಯಿತು.

"ಚಿಕ್ಕವಳಿದ್ದಾಗಿಂದ ಹೇಳ್ತಾರೆ, ಅರಬೆಲ್ಲಾ ಥೇಟ್ ಆನರಿಯಾಜ್ಜಿ ಅಂತ. ನಮ್ಮಪ್ಪ ಹೇಳೋರು, ಅಡುಗೆಯವಳು ಹೇಳೋಳು. ಆ ಚಿತ್ರದ ಕೆಳಗೆ ನಿಂತು ನಿಂತು ನೋಡಿದೀನಿ, ಏನೂ ಹೋಲಿಕೆ ಕಾಣ್ಲಿಲ್ಲ. ಗಂಡು ಸಿಗದ ಹುಡುಗಿಗೆ ಸಮಾಧಾನಕ್ಕೆ ಹೇಳೋ ಮಾತು ಅಂದ್ಕೊಂಡೆ." ಅಚ್ಚನ್ನು ಇನ್ನಷ್ಟು ಹತ್ತಿರ ಹಿಡಿದರು. "ಇವತ್ತು ಕಾಣ್ತಿದೆ. ಇದು ನಾನೇ."

ಮಿಸೆಸ್ ಫೆನ್ ಮೇಜಿನ ಕೆಳಗೆ ನನ್ನ ಕೈ ಹಿಂಡಿದರು.

"ಹೀಗೇ ಅಚ್ಚು ಹಾಕ್ಸಿ. ಒಂದು ಗೆರೆ ಮುಟ್ಟಿದ್ರೆ ನೋಡಿ! ಕೆತ್ತಿದ್ದು ನೀನಾ? ಹೆಸರೇನು?"

ಹೆಸರು! ಅವರೇ ಕೇಳುತ್ತಿದ್ದರು! ಬಾಯಿ ತೆರೆದೆ. ಹೊರಗೆ ಬಂದದ್ದು ಇದು:

"ಕ್ಷಮಿಸಿ ಅಮ್ಮಾವ್ರೇ, ಇದು ತಪ್ಪಾಗಿದೆ. ಇವರು ತಿರುವುಮುರುವಾಗಿದಾರೆ."

ಮಿಸೆಸ್ ಫೆನ್ ಅವರ ಬೂಟು ನನ್ನ ಪಾದದ ಮೇಲೆ ಇಳಿಯಿತು. ಕುಂಟುತ್ತಲೇ ಮುಂದುವರಿಸಿದೆ. ಲುಂಬ್, ಕನ್ನಡಿ, ಮೂರು ಮಗುಚು, ಎಲ್ಲ ಹೇಳಿದೆ. "ನಿಮ್ಮ ಮುಖ ನೀವು ನೋಡಿರೋದು ಕನ್ನಡಿಲಿ ಮಾತ್ರ. ಅದೂ ಮಗುಚಿದ್ದೇ. ಇದೂ ಮಗುಚಿದೆ. ಅದಕ್ಕೇ ಎರಡೂ ಕೂಡ್ತು."

ಲೇಡಿ ಅರಬೆಲ್ಲಾ ಗಂಟೆ ಬಾರಿಸಿದರು. ಸೇವಕ ಬಂದ. "ಇವರ ಟೀ ತಗೊಂಡು ಹೋಗು," ಎಂದರು. ನನ್ನದು ಅರ್ಧವೂ ಮುಗಿದಿರಲಿಲ್ಲ. "ಅಂದ್ರೆ ನಾನು ಆನರಿಯಾ ಥರ ಇಲ್ಲ. ಹೇಳೋಕೆ ಇಷ್ಟು ದೂರ ಬಂದ್ಯಾ?"

"ಇದೀರಿ! ದಯವಿಟ್ಟು ಆ ಕನ್ನಡಿ ಹತ್ರ ಬನ್ನಿ."

ಬಂದರು, ಕೋಪದಿಂದ, ಕೋಲೂರಿಕೊಂಡು. ಅಚ್ಚನ್ನು ಅವರ ಭುಜದ ಪಕ್ಕ ಎತ್ತಿ ಹಿಡಿದೆ.

"ಕನ್ನಡಿಯೊಳಗೆ ಚಿತ್ರ ಈಗ ನೆಟ್ಟಗಿದೆ, ನಿಮ್ಮ ಮನೆ ಗೋಡೆ ಮೇಲಿರೋ ಹಾಗೆ. ಆದ್ರೆ ನೀವು ಮಗುಚಿ ಕಾಣ್ತಿದೀರಿ. ಅದಕ್ಕೇ ನಿಮಗೆ ಯಾವತ್ತೂ ಹೋಲಿಕೆ ಸಿಕ್ಕಿಲ್ಲ. ನಾನು ನಿಮ್ಮನ್ನ ನೇರವಾಗಿ ನೋಡ್ತಿದೀನಿ. ನನ್ನ ಕಣ್ಣಿಗೆ ನೀವು ಕನ್ನಡಿಯೊಳಗಿರೋ ಆನರಿಯಾನೇ."

"ಅವಳು ಹೇಗಿದಾಳೆ?"

"ನೀವೇ ನೋಡಿ."

ನೋಡಿದರು. ಅಚ್ಚಿನ ಕಡೆ, ಮತ್ತೆ ಕನ್ನಡಿಯ ಕಡೆ, ಮತ್ತೆ ಅಚ್ಚಿನ ಕಡೆ. "ಕಾಗದದಲ್ಲಿ ಸಿಡುಕಿ," ಎಂದರು ನಿಧಾನಕ್ಕೆ. "ಕನ್ನಡಿಲಿ... ನಗು ತಡ್ಕೊಂಡಿದಾಳೆ."

"ಹೌದು."

"ಜನ ನನ್ನ ನೋಡೋದು ಹಾಗೆನಾ?"

"ನಾನಂತೂ ಬಾಗಿಲಿಂದ ಹಾಗೇ ನೋಡಿದೆ."

ಅವರು ಕುರ್ಚಿಯಲ್ಲಿ ಕುಸಿದು ಕೂತರು. ಅಳುತ್ತಾರೇನೋ ಎಂದು ಮಿಸೆಸ್ ಫೆನ್ ಕರವಸ್ತ್ರ ತೆಗೆದರು. ನೋಡಿದರೆ ನಗುತ್ತಿದ್ದರು, ಪುಡಿ ಉದುರುವ ಹಾಗೆ. "ಇಡೀ ಆಯುಷ್ಯ ನಾನು ಸಿಡುಕಿ ಅಂದ್ಕೊಂಡು, ಅದಕ್ಕೆ ತಕ್ಕ ಹಾಗೆ ನಡ್ಕೊಂಡೆನಲ್ಲೋ! ಒಬ್ಬ ಕರ್ನಲ್ ನನ್ನ ನೋಡಿ ಮುಗುಳ್ನಕ್ಕ ಅಂತ ಅವನಿಗೆ ಬೈದು ಕಳಿಸಿದ್ದೆ!"

ಆಮೇಲೆ ಕಣ್ಣೊರೆಸಿಕೊಂಡು ಅಂದರು: "ಇದಕ್ಕೆ ಒಪ್ಪಿಗೆ ಇಲ್ಲ. ಸರಿಯಾಗಿ ಮಾಡ್ಕೊಂಡು ಬನ್ನಿ. ಈ ಕಾಗದ ಮಾತ್ರ ನನಗಿರ್ಲಿ. ಇವಳ ಜೊತೆ ಬಹಳ ದಿನ ಸಂಸಾರ ಮಾಡಿದೀನಿ."

ಬಾಡಿಗೆ ಗಾಡಿಯಲ್ಲಿ ಮಿಸೆಸ್ ಫೆನ್ ಮದುವೆಯ ಟೊಪ್ಪಿಗೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅಂದರು: "ಬಾಯಿ ಅನ್ನೋದು ಒಂದಿದ್ದಿದ್ದಕ್ಕೆ ಎರಡು ಸಲ ಕೆಟ್ಟೆ ನೋಡು. ಮುಚ್ಚಬೇಕಾದಾಗ ಎರಡು ಸಲಾನೂ ತೆಗ್ದೆ."

ಮಾರ್ಚ್ ೧೭

ಯಜಮಾನರು ಈ ಸಲ ಗುಡುಗಿದರು. ಕೇಂಬ್ರಿಜ್ಜಿಗೂ ಸೇರಿಸಿ. ಲೇಡಿ ಡೇ ಕಂತಿನಲ್ಲಿ ಕೌಂಟೆಸ್‌ಳ ಜಾಗಕ್ಕೆ ಬೇರೆ ಕಾರ್ಖಾನೆಯಲ್ಲಿ ಲೇಸಷ್ಟೇ ಬಾಕಿಯಿರುವ ಒಬ್ಬ ಬಿಷಪ್ ಹೋಗುತ್ತಾನೆ. ಬೇಸಿಗೆಯ ಹೊತ್ತಿಗೆ ಯಜಮಾನರ ಕೈ ಸರಿಯಾಗುತ್ತದೆ, ಆಗ ಹೊಸ ತಗಡಿನ ಮುಖ ಅವರದೇ. ನಾನು ನಾಳೆಯಿಂದ ಬಿಷಪ್‌ನ ತೋಳಿನ ಲೇಸಿಗೆ.

ನಿಜವಾದ ವರ್ಣಚಿತ್ರದಲ್ಲಿ ಆ ತುಟಿಯ ತುದಿ ಹೇಗಿರಬಹುದು? ಲುಂಬ್ ಅದನ್ನು ಎಷ್ಟು ಹಿಡಿದಿದ್ದಾನೆ, ಎಷ್ಟು ಬಿಟ್ಟಿದ್ದಾನೆ? ಅವನನ್ನು ಕೇಳಿದರೆ, "ಕತ್ತಲಿತ್ತು ಗುರುವೇ, ಚಳಿಯಿತ್ತು," ಎನ್ನುತ್ತಾನೆ. ಚಳಿಯಿತ್ತಂತೆ! ಬಣ್ಣದಲ್ಲಿ ಅಲ್ಲೊಂದು ಏನೋ ಇರಲೇಬೇಕು.

ಏಪ್ರಿಲ್ ೨೦

ಪಟ್ಟಿ ಬಿಚ್ಚಿದರು. ಯಜಮಾನರು ಉಳಿ ಹಿಡಿದು ಹಾಳು ತಗಡಿನ ಮೇಲೆ ಹತ್ತಾರು ಗೆರೆ ಎಳೆದರು. ಚೆನ್ನಾಗಿಯೇ ಬಂತು. ಆಮೇಲೆ ಲೇಡಿ ಅರಬೆಲ್ಲಾ ಇಟ್ಟುಕೊಂಡದ್ದು ಬಿಟ್ಟು ಉಳಿದಿದ್ದ ಇನ್ನೊಂದು ಅಚ್ಚನ್ನು ತರಿಸಿ, ಭೂತಗನ್ನಡಿ ಹಿಡಿದು ಆ ರೆಪ್ಪೆಯನ್ನು ನೋಡುತ್ತ ಕೂತರು. ಟೀ ಆರಿತು.

"ನಾನು ಮಾಡಿದ್ರೆ ಮೊಟ್ಟೆ ಆಗುತ್ತೆ," ಎಂದರು ಕೊನೆಗೆ. "ಹೋಗು. ಥಾರ್ನ್‌ಮಿಯರಿಗೇ ಹೋಗಿ ಚಿತ್ರದ ಎದುರು ಕೂತು ಕೆತ್ತು. ಹೆಸರು ಮಾತ್ರ ಕಾರ್ಖಾನೆದೇ ಇರುತ್ತೆ. ನೀನು ಮಾಡಿದ್ದಕ್ಕೆ ಅಷ್ಟೂ ದಂಡ ಬೇಡ್ವಾ?"

"ಆಯ್ತು," ಎಂದೆ. ನಾಳೆ ಬೆಳಗಿನ ಕೋಚಿಗೆ ಜಾಗ ಸಿಗುತ್ತದೆಯೇ ಎಂದು ಕೇಳಿದೆ. ಹೊಸ ತಾಮ್ರ ಬಂದಿದೆ, ಎಂಥ ಮೈ ಅದಕ್ಕೆ, ಉಸಿರು ಬಿಟ್ಟರೆ ಮಂಜು ಕಟ್ಟಿ ಮೆಲ್ಲಗೆ ಕರಗುತ್ತದೆ!

ಮಿಸೆಸ್ ಫೆನ್ ಬಂದು ನನ್ನ ಹಣೆ ಮುಟ್ಟಿ ನೋಡಿದರು.

"ಏನಮ್ಮಾ?"

"ಏನಿಲ್ಲ. ಜ್ವರ ಬಂದಿದೆಯಾ ಅಂತ."

ಏಪ್ರಿಲ್ ೨೪, ಥಾರ್ನ್‌ಮಿಯರ್

ಏಣಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಉದ್ದನೆಯ ಚಿತ್ರಶಾಲೆ, ಹೊಗೆ ಹಿಡಿದ ಗೋಡೆ. ಬೆಳಿಗ್ಗೆ ಒಂದು ಗಂಟೆ ಮಾತ್ರ ಬಿಸಿಲು ಆಕೆಯ ಮುಖಕ್ಕೆ ಬರುತ್ತದಂತೆ.

ಈಗ ಬಂತು. ಲುಂಬ್ ಬಿಟ್ಟದ್ದು ಸಿಕ್ಕಿತು! ಕೆಳತುಟಿಯ ಒಳಅಂಚಿಗೆ ಒಂದು ಕೆಂಪು ಎಳೆ, ಕುಂಚದ ಒಂದೇ ಕೂದಲಿನಷ್ಟು. ಹಲ್ಲಿನಿಂದ ಕಚ್ಚಿ ಆಗತಾನೇ ಬಿಟ್ಟ ತುಟಿ ಅದು. ನಗು ತಡೆದುಕೊಂಡಿಲ್ಲ, ತಡೆಯುವುದನ್ನು ಈಗಷ್ಟೇ ಬಿಟ್ಟಿದ್ದಾಳೆ. ಇನ್ನೊಂದು ಕ್ಷಣ ಕಳೆದರೆ ಇಡೀ ಚಿತ್ರಶಾಲೆಗೆ ಕೇಳಿಸುತ್ತದೆ. ಕಪ್ಪು ಮಸಿಯಲ್ಲಿ ಆ ಕೆಂಪನ್ನು ಹೇಗೆ ತರುವುದು? ಗೆರೆಯನ್ನು ಅಲ್ಲಿ ನಿಲ್ಲಿಸಿಬಿಡುವುದೇ? ಇಲ್ಲ ತೆಳುವಾಗಿ ಒಳಕ್ಕೆ ತಿರುಗಿಸುವುದೇ? ಗೊತ್ತಿಲ್ಲ. ಯಾರಿಗೂ ಗೊತ್ತಿರಲಾರದು.

ಕೆಳಗೆ, ಇದಕ್ಕೆಂದೇ ಮೇಫೇರಿನಿಂದ ಬಂದ ಲೇಡಿ ಅರಬೆಲ್ಲಾ ಕುರ್ಚಿ ಹಾಕಿಸಿಕೊಂಡು, ಕತ್ತು ನೋಯುವಷ್ಟು ಮೇಲೆ ನೋಡುತ್ತ ಕೂತಿದ್ದಾರೆ.

"ಅದೇನೋ ಬರೀತಾ ಕೂತಿದೀಯಲ್ಲ ಹುಡುಗ! ಅವಳು ನಕ್ಕುಬಿಟ್ರೆ ಏನ್ ಮಾಡ್ತೀಯ?"

ಸರಿ, ಲೇಖನಿ ಇಡುತ್ತೇನೆ.